ಯಾವ ವರ್ಷದ ಪೈಲ್ವಾನ?



ಪುಣೆಯ ಪೇಠೆಗಳಲ್ಲಿ ಓಡಾಡಿದವರು ತಾಲೀಮುಗಳನ್ನು ನೋಡಿಯೇ ಇರುತ್ತೀರಿ. ನಮ್ಮ ಕಡೆ ಗರಡಿ ಮನೆ ಅನ್ನುವುದಕ್ಕೆ ಇಲ್ಲಿ ಆ ಹೆಸರು. ಶುಕ್ರವಾರ ಪೇಠೆಯ ಚಿಂಚೇಚಿ ತಾಲೀಮು ಅವುಗಳಲ್ಲಿ ಹೆಸರಾದದ್ದು. ಕುಸ್ತಿ ಬಲ್ಲ ಇಬ್ಬರು ಹಿರಿಯರನ್ನು ಕೂಡಿಸಿ ಒಂದು ಪ್ರಶ್ನೆ ಕೇಳಿ ನೋಡಿ: ಖಂಚನಾಳೆ ದೊಡ್ಡವರೋ, ಆಂದಳಕರ ದೊಡ್ಡವರೋ? ಚಹಾ ಆರಿಹೋಗುತ್ತದೆ, ಮಾತು ಮುಗಿಯುವುದಿಲ್ಲ.

ಶ್ರೀಪತಿ ಖಂಚನಾಳೆ ನಮ್ಮವರೇ ಅನ್ನಿ. ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು. ಕೊಲ್ಹಾಪುರದಲ್ಲಿ ಪಳಗಿ, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ಹಿಂದ್ ಕೇಸರಿ ಆದರು. ಮರುವರ್ಷ ಅದೇ ಬಿರುದು ಸಾಂಗ್ಲಿ ಜಿಲ್ಲೆಯ ಗಣಪತರಾವ್ ಆಂದಳಕರರಿಗೆ ಬಂತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಆಂದಳಕರರು ಭಾರಿ ತೂಕದ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಚಿನ್ನ, ಫ್ರೀಸ್ಟೈಲಿನಲ್ಲಿ ಬೆಳ್ಳಿ ಗೆದ್ದರು. 2018ರಲ್ಲಿ ಇದೇ ಪುಣೆಯಲ್ಲಿ ಅವರು ತೀರಿಕೊಂಡರು. ಖಂಚನಾಳೆ 2020ರಲ್ಲಿ ಹೋದರು.

1959ರ ಖಂಚನಾಳೆಯನ್ನೂ 1962ರ ಆಂದಳಕರರನ್ನೂ ಎದುರುಬದುರು ನಿಲ್ಲಿಸಿದರೆ? ಉತ್ತರಕ್ಕೆ ಮುಂಚೆ ನಾನೊಂದು ಕೇಳುತ್ತೇನೆ: ಮಣ್ಣಿನ ಮೇಲೋ, ಮ್ಯಾಟಿನ ಮೇಲೋ?

ಇದು ಕುತರ್ಕವಲ್ಲ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನರಿಗೆ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಎದುರಾದ. ಆತ ಮ್ಯಾಟಿಗೆ ಹೊಟ್ಟೆ ಅಂಟಿಸಿ ಮಲಗಿಬಿಟ್ಟ! ಎರಡೂವರೆ ಗಂಟೆ ಕಳೆದರೂ ಗಾಮಾರಿಗೆ ಅವನನ್ನು ಚಿತ್ ಮಾಡಲಾಗಲಿಲ್ಲ. ಕುಸ್ತಿ ಸಮವಾಯಿತು. ವಾರದ ನಂತರ ಮತ್ತೆ ಕರೆದರೆ ಆತ ಬರಲೇ ಇಲ್ಲ. ಅದೇ ಇಬ್ಬರು 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಸೇರಿದರು. ಇಬ್ಬರಿಗೂ ಐವತ್ತರ ಆಸುಪಾಸು. ಒಂದು ನಿಮಿಷದೊಳಗೆ ಗಾಮಾ ಗೆದ್ದರು. ವಯಸ್ಸಾದದ್ದು ಇಬ್ಬರಿಗೂ, ಬದಲಾದದ್ದು ನೆಲ, ಪದ್ಧತಿ, ಮತ್ತು ಮಲಗಿ ಕಾಲ ಕಳೆಯುವ ಅವಕಾಶ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ಜಗಳವನ್ನು ರೇಡಿಯೋಗೆ ತಂದವರೂ ಇದ್ದಾರೆ, ಅದನ್ನು ಹೇಳದಿದ್ದರೆ ನಮ್ಮ ಪತ್ರಿಕೆಗೆ ಶೋಭೆಯಲ್ಲ. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬಾತ ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರುಗಳ ಬಲಾಬಲವನ್ನು ಕಂಪ್ಯೂಟರಿಗೆ ಉಣಿಸಿ, ಬಂದ ಫಲಿತಾಂಶವನ್ನು ವೀಕ್ಷಕ ವಿವರಣೆಯಾಗಿ ಬಿತ್ತರಿಸಿದ. ರಾಕಿ ಮಾರ್ಸಿಯಾನೋ ಗೆದ್ದ. ಮುಹಮ್ಮದ್ ಅಲಿ ಹಳೆಗಾಲದ ಜಿಮ್ ಜೆಫ್ರೀಸ್‌ಗೆ ಸೋತ ಎಂದಾಗ ಅಲಿ ಹತ್ತು ಲಕ್ಷ ಡಾಲರಿನ ಮೊಕದ್ದಮೆ ಹೂಡಿದರು. ಆಡದ ಆಟದಲ್ಲಿ ಸೋತದ್ದಕ್ಕೆ! ಕೊನೆಗೆ ರಾಜಿಯಾಗಿ, 1969ರಲ್ಲಿ ಅಲಿ ಮತ್ತು 45ರ ಮಾರ್ಸಿಯಾನೋ ಕ್ಯಾಮೆರಾ ಮುಂದೆ ಗುದ್ದಾಟದ ನಟನೆ ಮಾಡಿದರು. ಕೊನೆಯ ದೃಶ್ಯವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಚಿತ್ರಿಸಿಕೊಂಡರು. ಸಿನಿಮಾ 1970ರಲ್ಲಿ ಬಂತು. ಅಷ್ಟರಲ್ಲಿ ಮಾರ್ಸಿಯಾನೋ ವಿಮಾನ ಅಪಘಾತದಲ್ಲಿ ಸತ್ತಿದ್ದರು. ಅಮೆರಿಕದಲ್ಲಿ ತೋರಿಸಿದ ಪ್ರತಿಯಲ್ಲಿ ಮಾರ್ಸಿಯಾನೋ ಗೆದ್ದರೆ, ಯೂರೋಪಿನ ಪ್ರತಿಯಲ್ಲಿ ಅಲಿ ಗೆದ್ದರು. ಕಂಪ್ಯೂಟರಿಗೂ ಊರು ನೋಡಿ ಮಾತಾಡುವ ಬುದ್ಧಿ!

ಅಲಿ ಎದುರು ನಿಜವಾಗಿ ನಿಂತ ಭಾರತೀಯರೂ ಇದ್ದಾರೆ. 1980ರ ಜನವರಿ 27ರಂದು ದೆಹಲಿಯಲ್ಲಿ ಸೇನೆಯ ಕೌರ್ ಸಿಂಗ್ ನಾಲ್ಕು ಸುತ್ತಿನ ಪ್ರದರ್ಶನ ಪಂದ್ಯ ಆಡಿದರು. ಅಲಿಗೆ ಆಗ 38; ಅದೇ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು ಅವರು ಸೋತರು. ಕೌರ್ ಸಿಂಗ್ ಏರುಕಾಲದಲ್ಲಿದ್ದರು, 1982ರ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದರು. ಸೇನೆಯ ಬಾಕ್ಸರುಗಳನ್ನು ತಯಾರು ಮಾಡುವ ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 2001ರಲ್ಲಿ. ಕೌರ್ ಸಿಂಗರಿಗೆ ಆ ಭಾಗ್ಯವಿರಲಿಲ್ಲ. ಮುಪ್ಪಿನಲ್ಲಿ ಹೃದಯದ ಚಿಕಿತ್ಸೆಗೆ ಅವರು ಸಾಲ ಮಾಡಬೇಕಾಯಿತು, 2023ರಲ್ಲಿ ತೀರಿಕೊಂಡರು.

ಮುಂದಿನ ಸಲ ತಾಲೀಮಿನ ಕಟ್ಟೆಯ ಮೇಲೆ ಜಗಳ ಹತ್ತಿದಾಗ ಅವರ ಹೆಸರನ್ನೂ ಎತ್ತಿ ನೋಡಿ. ಯಾವ ವರ್ಷದ ಕೌರ್ ಸಿಂಗ್ ಎಂದು ಯಾರಾದರೂ ಕೇಳಿದರೆ 1982 ಅನ್ನಿ.