ಹಾಸಿಗೆ ಹಿಡಿದ ದಿನದ ಕೂಲಿ: ಕೋವಿಡ್ ಕಾಲದ ಕರ್ನಾಟಕದಲ್ಲಿ ಅನಾರೋಗ್ಯ ಭತ್ಯೆ

ಕೋವಿಡ್ ಸೋಂಕಿತರ ಸಂಪರ್ಕಕ್ಕೆ ಬಂದವರು 14 ದಿನ ಮನೆಯಿಂದ ಹೊರಬರಬಾರದು ಎಂದು 2020ರ ಮಾರ್ಚ್‌ನಲ್ಲಿ ಸರ್ಕಾರಗಳು ಆದೇಶಿಸಿದವು. ವೈದ್ಯಶಾಸ್ತ್ರದ ದೃಷ್ಟಿಯಿಂದ ಆದೇಶ ಸರಿಯಾಗಿತ್ತು. ಆದರೆ ಆ 14 ದಿನದ ಕೂಲಿಯನ್ನು ಯಾರು ತುಂಬಿಕೊಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಸರ್ಕಾರದ ನೆರವು ಹರಿದದ್ದು ಮುಖ್ಯವಾಗಿ ಎರಡು ಸಂದರ್ಭಗಳಿಗೆ: ಕೆಲಸದ ಬಾಗಿಲು ಮುಚ್ಚಿದಾಗ ಮತ್ತು ಕಾರ್ಮಿಕ ಸತ್ತಾಗ. ಇವೆರಡರ ನಡುವೆ ಕಾಯಿಲೆ ಬಿದ್ದು ಮಲಗಿದ ದಿನಗಳು ಬಹುಪಾಲು ಕಾರ್ಮಿಕರ ಪಾಲಿಗೆ ಬರಿದಾಗಿಯೇ ಉಳಿದವು. ಈ ಬರಿದು ಹೇಗೆ ಉಂಟಾಯಿತು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ನಮ್ಮಲ್ಲಿ ಇದಕ್ಕೆ ಕಾನೂನೇ ಇರಲಿಲ್ಲ ಎನ್ನುವಂತಿಲ್ಲ. ಅರ್ಥಶಾಸ್ತ್ರಜ್ಞ ಬಿ.ಪಿ. ಅಡಾರ್ಕರ್ 1944ರಲ್ಲಿ ಸಲ್ಲಿಸಿದ ವರದಿಯ ತಳಹದಿಯ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಜಾರಿಯಾಯಿತು. ಇದರಡಿ ಕಾಯಿಲೆ ಬಿದ್ದ ಕಾರ್ಮಿಕರಿಗೆ ವರ್ಷಕ್ಕೆ ಗರಿಷ್ಠ 91 ದಿನ ಸರಾಸರಿ ವೇತನದ ಶೇ. 70ರಷ್ಟು ಭತ್ಯೆ ಸಿಗುತ್ತದೆ. ಹಣ ಕೊಡುವುದು ಮಾಲೀಕರಲ್ಲ, ವಿಮಾ ನಿಗಮ. ಬ್ರಿಟನ್‌ನಲ್ಲಿ ಶಾಸನಬದ್ಧ ಅನಾರೋಗ್ಯ ವೇತನವನ್ನು ಮಾಲೀಕನೇ ಕೈಯಿಂದ ಕೊಡಬೇಕು. ಆ ಮಟ್ಟಿಗೆ ನಮ್ಮ ಕಾಯ್ದೆಯ ಕಟ್ಟಡ ಹೆಚ್ಚು ಗಟ್ಟಿಯಾದದ್ದು ಎಂದೇ ನನ್ನ ಅಭಿಪ್ರಾಯ.

ತೊಡಕಿರುವುದು ಒಳಗಿನ ಷರತ್ತುಗಳಲ್ಲಿ. ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಭತ್ಯೆಯಿಲ್ಲ. ತಿಂಗಳಿಗೆ 12,000 ರೂಪಾಯಿ, ಅಂದರೆ ದಿನಕ್ಕೆ 400 ರೂಪಾಯಿ ದುಡಿಯುವ ಹೊಲಿಗೆ ಕಾರ್ಮಿಕಳೊಬ್ಬಳ ಲೆಕ್ಕ ತೆಗೆದುಕೊಳ್ಳೋಣ. 14 ದಿನಕ್ಕೆ ಅವಳ ಗಳಿಕೆ 5,600 ರೂಪಾಯಿ. ಮೊದಲೆರಡು ದಿನ ಕಳೆದು ಉಳಿದ 12 ದಿನಕ್ಕೆ 280ರಂತೆ ಕೈಗೆ ಬರುವುದು 3,360. ನಿಯಮ ಪಾಲಿಸಿ ಮನೆಯಲ್ಲಿ ಕೂತದ್ದಕ್ಕೆ ಅವಳು ತೆರುವ ಬೆಲೆ 2,240 ರೂಪಾಯಿ, ಅಂದರೆ ಗಳಿಕೆಯ ಶೇ. 40. ಮನೆ ಬಾಡಿಗೆ, ರೇಷನ್, ಚೀಟಿ ಕಂತುಗಳ ನಡುವೆ ಬದುಕುವವಳಿಗೆ ಇದು ಸಣ್ಣ ಮೊತ್ತವಲ್ಲ. ಮೈ ಬಿಸಿಯಾಗಿದ್ದರೂ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ನಿರ್ಧಾರ ಹುಟ್ಟುವುದು ಈ ಲೆಕ್ಕದಿಂದ, ಅಜ್ಞಾನದಿಂದಲ್ಲ.

ವಿಮೆಗೆ ಕಟ್ಟುವ ವಂತಿಗೆಯ ಷರತ್ತು ಇನ್ನೂ ಜಟಿಲ. ಆರು ತಿಂಗಳ ಒಂದು ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿದ್ದರೆ ಮಾತ್ರ ಮುಂದಿನ ಭತ್ಯೆ ಅವಧಿಯಲ್ಲಿ ಹಕ್ಕು. ಎರಡನೇ ಅಲೆ ಬಡಿದದ್ದು 2021ರ ಏಪ್ರಿಲ್, ಮೇ ತಿಂಗಳಲ್ಲಿ. ಆ ಅವಧಿಯ ಹಕ್ಕು ನಿಂತಿದ್ದದ್ದು 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯ ಮೇಲೆ. ಕಾರ್ಖಾನೆಗಳಿಗೆ ಬೀಗ ಬಿದ್ದದ್ದೂ ಆ ತಿಂಗಳುಗಳಲ್ಲೇ. ಮೊದಲ ವರ್ಷ ಕೆಲಸ ಕಳೆದುಕೊಂಡವರು ಎರಡನೇ ವರ್ಷ ಕಾಯಿಲೆ ಬಿದ್ದಾಗ ಭತ್ಯೆಯನ್ನೂ ಕಳೆದುಕೊಳ್ಳುವ ಸ್ಥಿತಿ. ನಿಗಮ ಇದನ್ನು ಗಮನಿಸಿ 2021ರಲ್ಲಿ ಷರತ್ತನ್ನು ಸಡಿಲಿಸಿತು; ಅದು ಮೆಚ್ಚಬೇಕಾದ ಕ್ರಮ. ಆದರೆ ವಿಪತ್ತು ಘೋಷಣೆಯಾದ ಕೂಡಲೇ ತಾನಾಗಿಯೇ ಸಡಿಲಗೊಳ್ಳುವ ವ್ಯವಸ್ಥೆ ಕಾಯ್ದೆಯೊಳಗೇ ಇರಬೇಕಿತ್ತು.

ಇಷ್ಟೂ ವಿಮೆಯೊಳಗೆ ಇರುವವರ ಮಾತು. ತಿಂಗಳ ವೇತನ 21,000 ರೂಪಾಯಿ ಮೀರಿದವರು ಸಾಮಾನ್ಯವಾಗಿ ಇದರ ಹೊರಗೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಯವರೂ ಬಹುತೇಕ ಹೊರಗೆ. ದೇಶದ ದುಡಿಯುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಅಸಂಘಟಿತ ವಲಯದವರು. 2020ರ ಮಾರ್ಚ್‌ನಲ್ಲೇ ಕರ್ನಾಟಕದ ಕಾರ್ಮಿಕ ಇಲಾಖೆ ಸೋಂಕಿತ ನೌಕರರಿಗೆ 28 ದಿನಗಳ ವೇತನಸಹಿತ ರಜೆ ನೀಡುವಂತೆ ಸೂಚಿಸಿದ್ದು ದೇಶದಲ್ಲೇ ಮುಂಚಿನ ಹೆಜ್ಜೆಗಳಲ್ಲೊಂದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಅದರಿಂದ ಆಸರೆಯಾಯಿತು. ಮನೆಗೆಲಸದವರು, ಗಾರೆ ಕೆಲಸದವರು, ತಳ್ಳುಗಾಡಿಯವರು ಯಾವ ಮಾಲೀಕರಿಗೆ ರಜೆ ಅರ್ಜಿ ಕೊಡಬೇಕು? ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಪೂರ್ಣ ವೇತನ ಕೊಡುವಂತೆ ಹೊರಡಿಸಿದ ಆದೇಶವೂ ಭಾರವನ್ನು ಮಾಲೀಕರ ಮೇಲೆಯೇ ಹೊರಿಸಿತ್ತು. ಮೇ ತಿಂಗಳಲ್ಲಿ ಅದು ರದ್ದಾಯಿತು.

ರಾಜ್ಯ ಸರ್ಕಾರ 2020ರ ಮೇ 6ರಂದು ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜು ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. 2021ರ ಮೇ ತಿಂಗಳ ಪ್ಯಾಕೇಜಿನಲ್ಲೂ ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ ತಲಾ 3,000 ರೂಪಾಯಿ ಇತ್ತು. ಇವು ಲಾಕ್‌ಡೌನ್ ನಷ್ಟಕ್ಕೆ ಕೊಟ್ಟ ಒಂದಾವರ್ತಿ ನೆರವು. ಲಾಕ್‌ಡೌನ್ ತೆರವಾದ ಮೇಲೆ ಸೋಂಕು ತಗುಲಿದ ಚಾಲಕ ಗಾಡಿ ನಿಲ್ಲಿಸಿದರೆ ಅವನಿಗೆ ಏನೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ, ಆಶಾ ಕಾರ್ಯಕರ್ತೆಯರೂ ಸೇರಿ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿಗಳ ವಿಮೆ ಬಂತು, ಅದು ದುಡಿಮೆಯ ನಡುವೆ ಕೋವಿಡ್‌ನಿಂದ ಸತ್ತವರಿಗೆ. ಇಎಸ್‌ಐ ನಿಗಮದ ಕೋವಿಡ್ ಪರಿಹಾರ ಯೋಜನೆ ವೇತನದ ಶೇ. 90ರಷ್ಟನ್ನು ಕೊಟ್ಟಿತು, ಅದೂ ಸತ್ತವರ ಅವಲಂಬಿತರಿಗೆ. ಮನೆ ಮನೆ ತಿರುಗಿ ಜ್ವರ ನೋಡಿದ ಆಶಾ ಕಾರ್ಯಕರ್ತೆಯ ಹೆಣಕ್ಕೆ ಬೆಲೆ ಕಟ್ಟಿದ ರಾಜ್ಯವ್ಯವಸ್ಥೆ ಅವಳ ಜ್ವರದ ದಿನಗಳಿಗೆ ಕಟ್ಟಲಿಲ್ಲ ಎಂಬುದನ್ನು ಬರೆಯುವಾಗ ಸಂಕಟವಾಗುತ್ತದೆ.

ಅನಾರೋಗ್ಯ ಭತ್ಯೆ ಬರೀ ಕರುಣೆಯ ವಿಷಯವೂ ಅಲ್ಲ; ಸೋಂಕು ಹರಡದಂತೆ ತಡೆಯುವ ಉಪಾಯವೂ ಹೌದು. ಅಮೆರಿಕದಲ್ಲಿ 2020ರ ಏಪ್ರಿಲ್ 1ರಿಂದ ಡಿಸೆಂಬರ್‌ವರೆಗೆ, 500ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಲ್ಲಿ 80 ಗಂಟೆಗಳವರೆಗೆ ವೇತನಸಹಿತ ಅನಾರೋಗ್ಯ ರಜೆ ಕಡ್ಡಾಯವಾಗಿತ್ತು. ಖರ್ಚನ್ನು ತೆರಿಗೆ ರಿಯಾಯಿತಿಯ ಮೂಲಕ ಸರ್ಕಾರವೇ ಭರಿಸಿತು. ಪಿಶ್ಲರ್, ವೆನ್ ಮತ್ತು ಝೀಬಾರ್ತ್ ಅದೇ ವರ್ಷ ನಡೆಸಿದ ಅಧ್ಯಯನದ ಪ್ರಕಾರ, ಹೊಸದಾಗಿ ಈ ಹಕ್ಕು ದೊರೆತ ರಾಜ್ಯಗಳಲ್ಲಿ ದಿನಕ್ಕೆ, ರಾಜ್ಯವೊಂದಕ್ಕೆ ಸುಮಾರು 400 ಪ್ರಕರಣಗಳು ಕಡಿಮೆಯಾದವು. ಬ್ರಿಟನ್ ಕೋವಿಡ್ ಕಾರಣದ ರಜೆಗೆ ಮೂರು ದಿನಗಳ ಕಾಯುವ ಷರತ್ತನ್ನು 2020ರ ಮಾರ್ಚ್ 13ರಿಂದ ಅನ್ವಯವಾಗುವಂತೆ ಕೈಬಿಟ್ಟಿತು. ಆದರೂ ವಾರಕ್ಕೆ ಸಿಗುತ್ತಿದ್ದದ್ದು 95.85 ಪೌಂಡ್, ವಾರಕ್ಕೆ 40 ಗಂಟೆ ಕನಿಷ್ಠ ವೇತನಕ್ಕೆ ದುಡಿಯುವವರ ಗಳಿಕೆಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ತಾನು ಬದುಕಲಾರೆ ಎಂದು ಅಂದಿನ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್ಕಾಕ್ ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ದಿನಗಳ ಷರತ್ತು ಹೋದರೂ ಮೊತ್ತ ಸಾಲದಿದ್ದರೆ ಪ್ರಯೋಜನವಿಲ್ಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ.

ಕರ್ನಾಟಕಕ್ಕೆ ಈಗ ಒಂದು ಅವಕಾಶವಿದೆ. 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು ಆ್ಯಪ್ ಕಂಪನಿಗಳಿಂದ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟಲು ಅನುವು ಮಾಡಿದೆ. ಕಾರ್ಮಿಕರ ನೋಂದಣಿಯೂ ಅದರ ಭಾಗ. ಒಬ್ಬ ಮಾಲೀಕ ಇಲ್ಲದವರಿಗೂ ಭತ್ಯೆ ಮುಟ್ಟಿಸುವ ದಾರಿ ಇದರಿಂದ ತೆರೆದಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೆಸ್ ನಿಧಿಗೂ ಇದೇ ಮಾತು ಸಲ್ಲುತ್ತದೆ. ಈ ಎರಡೂ ನಿಧಿಗಳನ್ನು ನಡೆಸುವ ಮಂಡಳಿಗಳು ಅಪಘಾತ ಮತ್ತು ಸಾವಿನ ಪರಿಹಾರದ ಜೊತೆಗೆ, ಮೊದಲ ದಿನದಿಂದಲೇ ಸಲ್ಲುವ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಅನಾರೋಗ್ಯ ಭತ್ಯೆಯನ್ನು ನಿಯಮಗಳಲ್ಲಿ ಬರೆಯಬೇಕು. ಅದನ್ನು ಮುಂದಿನ ಸಾಂಕ್ರಾಮಿಕ ಬರುವ ಮುನ್ನವೇ ಬರೆಯಬೇಕು.