ಮಾರುಹಗ್ಗದಿಂದ ಮಾರ್ದನಿಯವರೆಗೆ

ನೀರಿನ ಆಳವನ್ನು ಹೇಳುವಾಗ ನಾವು ಮನುಷ್ಯನ ದೇಹವನ್ನೇ ಅಳತೆಗೋಲಾಗಿ ಬಳಸುತ್ತೇವೆ. ಮೊಣಕಾಲುದ್ದ, ಎದೆಮಟ್ಟ, ಒಂದಾಳು, ಎರಡಾಳು ಎಂಬ ಮಾತುಗಳು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಹಗ್ಗದ ವಿಷಯ ಬಂದಾಗ ಎರಡೂ ಕೈಗಳನ್ನು ಚಾಚಿದ ಉದ್ದ ಒಂದು ಮಾರು. ಇಂಗ್ಲಿಷ್ ನಾವಿಕರ ‘ಫ್ಯಾದಮ್’ ಎಂಬ ಪದದ ಮೂಲಾರ್ಥವೂ ಚಾಚಿದ ತೋಳುಗಳೇ. ಮುಂದೆ ಅದನ್ನು 6 ಅಡಿ ಎಂದು, ಅಂದರೆ ಸುಮಾರು 1.83 ಮೀಟರ್ ಎಂದು ನಿಗದಿಪಡಿಸಲಾಯಿತು. ರಟ್ಟೀಹಳ್ಳಿಯ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿದವರೂ ಅಟ್ಲಾಂಟಿಕ್ ಸಾಗರಕ್ಕೆ ಸೀಸದ ಗುಂಡು ಇಳಿಸಿದವರೂ ಬಳಸಿದ ತತ್ತ್ವ ಒಂದೇ.

ಇಂದು ಒಂದು ಸಣ್ಣ ಹಾಯಿದೋಣಿಯಲ್ಲಿ ಈ ಕೆಲಸವನ್ನು ಅಂಗೈಯಗಲದ ಒಂದು ಉಪಕರಣ ಮಾಡುತ್ತದೆ. ಅದನ್ನು ದೋಣಿಯ ಒಳಭಾಗದಲ್ಲಿ, ತಳಕ್ಕೆ ಅಂಟಿಸಿರುತ್ತಾರೆ. ಅದು ನೀರನ್ನು ಮುಟ್ಟುವುದಿಲ್ಲ. ಅದಕ್ಕಾಗಿ ದೋಣಿಗೆ ರಂಧ್ರ ಕೊರೆಯಬೇಕಾಗಿಯೂ ಇಲ್ಲ. ಆದರೂ ಅದು ಕೆಳಗಿನ ನೆಲ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಇದು ಹೇಗೆ ಸಾಧ್ಯವಾಯಿತು?

ಸೀಸದ ಗುಂಡಿನ ಕಾಲ

ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಮಾರುಮಾರಿಗೆ ಗುರುತು ಹಾಕಿ ನೀರಿಗಿಳಿಸುವುದು ಹಳೆಯ ವಿಧಾನ. ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿಕೊಂಡು ಬಂದ ಮರಳು, ಕೆಸರು ಅಥವಾ ಚಿಪ್ಪು ತಳ ಯಾವ ಬಗೆಯದೆಂದು ತಿಳಿಸುತ್ತಿತ್ತು. ಬಂದರಿನ ಬಾಯಲ್ಲಿ ಇಷ್ಟು ಸಾಕು. ಆಳಸಮುದ್ರದಲ್ಲಿ ಮಾತ್ರ ಹಗ್ಗದ ಭಾರವೇ ಹೆಚ್ಚಾಗಿ, ಗುಂಡು ತಳ ಮುಟ್ಟಿದ್ದು ಕೈಗೆ ತಿಳಿಯದು. ಪ್ರವಾಹ ಹಗ್ಗವನ್ನು ಓರೆಯಾಗಿಸಿದರೆ ಅಳತೆ ತಪ್ಪುತ್ತದೆ.

ಬ್ರಿಟನ್ನಿನ ‘ಚಾಲೆಂಜರ್’ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿತು. 1875ರ ಮಾರ್ಚ್‌ನಲ್ಲಿ ಪೆಸಿಫಿಕ್‌ನ ಮರಿಯಾನ ಕಂದಕದ ಬಳಿ 4475 ಫ್ಯಾದಮ್, ಅಂದರೆ ಸುಮಾರು 8184 ಮೀಟರ್ ಆಳವನ್ನು ಅದು ದಾಖಲಿಸಿತು. ಇಂಥ ಒಂದೊಂದು ಅಳತೆಗೂ ಹಡಗನ್ನು ನಿಲ್ಲಿಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಇಡೀ ಯಾನದಲ್ಲಿ ಆದ ಆಳದ ಅಳತೆಗಳು ಐದು ನೂರರಷ್ಟೂ ಇರಲಿಲ್ಲ.

ನೀರಿಗಿಳಿದ ಶಬ್ದ

ನೀರಿನಲ್ಲಿ ಶಬ್ದದ ವೇಗವನ್ನು ಮೊದಲಿಗೆ ಚೆನ್ನಾಗಿ ಅಳೆದವರು ಕೊಲಾಡನ್ ಮತ್ತು ಸ್ಟರ್ಮ್. 1826ರಲ್ಲಿ ಜಿನೀವಾ ಸರೋವರದಲ್ಲಿ ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಸಿಡಿಮದ್ದು ಬೆಳಗಿಸಲಾಯಿತು. ಸುಮಾರು 13 ಕಿಲೋಮೀಟರ್ ದೂರದ ಇನ್ನೊಂದು ದೋಣಿಯಲ್ಲಿ ಬೆಳಕು ಕಂಡದ್ದಕ್ಕೂ ನೀರಿನಲ್ಲಿಟ್ಟ ಕೊಳವೆಯಲ್ಲಿ ಸದ್ದು ಕೇಳಿದ್ದಕ್ಕೂ ನಡುವಿನ ಅವಧಿಯನ್ನು ಅಳೆದರು. ದೊರೆತ ವೇಗ ಸೆಕೆಂಡಿಗೆ 1435 ಮೀಟರ್. ಗಾಳಿಯಲ್ಲಿನ ವೇಗಕ್ಕಿಂತ ಇದು ನಾಲ್ಕು ಪಟ್ಟಿಗೂ ಹೆಚ್ಚು.

ವೇಗ ತಿಳಿದ ಮೇಲೆ ಪ್ರತಿಧ್ವನಿಯಿಂದ ಆಳ ಕಂಡುಹಿಡಿಯುವುದು ಸುಲಭವೆಂದು ತೋರುತ್ತದೆ. ಆದರೆ ಅದಕ್ಕೆ ಇನ್ನೂ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. 10 ಮೀಟರ್ ಆಳದ ನೀರಿನಲ್ಲಿ ಶಬ್ದ ಹೋಗಿ ಮರಳಲು ಕೇವಲ 0.013 ಸೆಕೆಂಡು ಸಾಕು. ಅಷ್ಟು ಕಿರಿದಾದ ಅವಧಿಯನ್ನು ಅಳೆಯುವ ಸಾಧನವೂ ನೀರೊಳಗೆ ಬಲವಾದ ಸದ್ದು ಹೊರಡಿಸುವ ಸಾಧನವೂ ಬೇಕಾಗಿದ್ದವು.

1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ದುರಂತ ಈ ಪ್ರಯತ್ನಗಳಿಗೆ ವೇಗ ನೀಡಿತು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಪ್ರತಿಧ್ವನಿಯಿಂದ ಆಳ ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. 1914ರಲ್ಲಿ ರೆಜಿನಾಲ್ಡ್ ಫೆಸೆಂಡನ್ ತನ್ನ ವಿದ್ಯುತ್ ಕಂಪಕವನ್ನು ಬಳಸಿ ಹಿಮಗಡ್ಡೆಯಿಂದಲೂ ಸಮುದ್ರದ ತಳದಿಂದಲೂ ಪ್ರತಿಧ್ವನಿ ಪಡೆದ. ಜರ್ಮನಿಯ ‘ಮಿಟಿಯೋರ್’ ಹಡಗು 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಓಡಾಡಿ 67 ಸಾವಿರಕ್ಕೂ ಹೆಚ್ಚು ಅಳತೆಗಳನ್ನು ತಂದಿತು. ಚಾಲೆಂಜರ್‌ನ ಲೆಕ್ಕದೊಡನೆ ಇದನ್ನು ಹೋಲಿಸಿ ನೋಡಿ.

ಸ್ಫಟಿಕದಿಂದ ಪಿಂಗಾಣಿಗೆ

ಒತ್ತಿದರೆ ವಿದ್ಯುದಾವೇಶ ತೋರುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಗುರುತಿಸಿದ್ದರು. ವಿದ್ಯುತ್ ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟ ಫ್ರಾನ್ಸಿನ ಪಾಲ್ ಲಾಂಜೆವಿನ್ 1917ರ ವೇಳೆಗೆ ಕ್ವಾರ್ಟ್ಜ್ ಬಿಲ್ಲೆಗಳನ್ನು ಉಕ್ಕಿನ ಫಲಕಗಳ ನಡುವೆ ಇರಿಸಿ ಶ್ರವಣಾತೀತ ತರಂಗಗಳನ್ನು ನೀರಿಗೆ ಕಳುಹಿಸಿದ. ಒಂದೇ ಸಾಧನ ಬಾಯಿಯೂ ಆಯಿತು, ಕಿವಿಯೂ ಆಯಿತು. ಇದೇ ಟ್ರಾನ್ಸ್‌ಡ್ಯೂಸರ್.

ಕ್ವಾರ್ಟ್ಜ್‌ನಿಂದ ದ್ರವದಲ್ಲಿ ಎಬ್ಬಿಸಿದ ಇಂಥ ತರಂಗಗಳು ಬೆಳಕನ್ನು ಹೇಗೆ ವಿವರ್ತಿಸುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935–36ರಲ್ಲಿ ವಿವರಿಸಿದರು. ಇಂದಿಗೂ ಪಠ್ಯಗಳಲ್ಲಿ ಅದಕ್ಕೆ ರಾಮನ್–ನಾಥ್ ಸಿದ್ಧಾಂತವೆಂದೇ ಹೆಸರು.

1940ರ ದಶಕದಲ್ಲಿ ಬೇರಿಯಮ್ ಟೈಟನೇಟ್, 1950ರ ದಶಕದಲ್ಲಿ ಸೀಸ–ಜಿರ್ಕೋನಿಯಮ್–ಟೈಟಾನಿಯಮ್ ಸಂಯುಕ್ತದ ಪಿಂಗಾಣಿಗಳು ಬಂದವು. ಇವು ಅಗ್ಗ, ಬೇಕಾದ ಆಕಾರಕ್ಕೆ ಒಗ್ಗುವಂಥವು. ಯುದ್ಧನೌಕೆಯ ಉಪಕರಣ ಹೀಗೆ ಮೀನುದೋಣಿಗೂ ಹಾಯಿದೋಣಿಗೂ ಬಂತು. ಇಂದಿನ ಸಣ್ಣ ಮಾಪಕಗಳು ಬಹುಮಟ್ಟಿಗೆ 50 ಅಥವಾ 200 ಕಿಲೋಹರ್ಟ್ಸ್ ಆವೃತ್ತಿಯವು. ನೀರಿನಲ್ಲಿ ಅವುಗಳ ತರಂಗದೂರ ಕ್ರಮವಾಗಿ 3 ಸೆಂಟಿಮೀಟರ್ ಮತ್ತು 7.5 ಮಿಲಿಮೀಟರ್.

ಕೊರೆಯದೆ ಕೂರಿಸುವುದು

ಆರಂಭದಲ್ಲಿ ಟ್ರಾನ್ಸ್‌ಡ್ಯೂಸರನ್ನು ದೋಣಿಯ ತಳ ಕೊರೆದು ಕೂರಿಸುತ್ತಿದ್ದರು. ತೇಲುವ ವಸ್ತುವಿನ ತಳಕ್ಕೆ ರಂಧ್ರ ಮಾಡುವುದು ಯಾರಿಗೂ ಇಷ್ಟವಲ್ಲ. ಎರಡನೆಯ ಮಹಾಯುದ್ಧದ ನಂತರ ನಾರುಗಾಜಿನ, ಅಂದರೆ ಫೈಬರ್‌ಗ್ಲಾಸಿನ ದೋಣಿಗಳು ಬಳಕೆಗೆ ಬಂದಾಗ ಬೇರೊಂದು ದಾರಿ ತೆರೆಯಿತು. ಅದರ ಭೌತವಿಜ್ಞಾನ ಸರಳವಾಗಿದೆ.

ಮಾಧ್ಯಮದ ಸಾಂದ್ರತೆಯನ್ನು ಅದರಲ್ಲಿನ ಶಬ್ದವೇಗದಿಂದ ಗುಣಿಸಿದರೆ ಅದರ ಧ್ವನಿಪ್ರತಿರೋಧ ದೊರೆಯುತ್ತದೆ. ನೀರಿನದನ್ನು 1 ಎಂದುಕೊಂಡರೆ ನಾರುಗಾಜಿನದು ಸುಮಾರು 3, ಉಕ್ಕಿನದು ಸುಮಾರು 30, ಗಾಳಿಯದು ಸುಮಾರು 3600ರಲ್ಲಿ ಒಂದು ಪಾಲು. ಎರಡು ಮಾಧ್ಯಮಗಳ ಪ್ರತಿರೋಧಗಳ ಅನುಪಾತ r ಆದರೆ, ಗಡಿಯನ್ನು ದಾಟುವ ಶಕ್ತಿಯ ಪಾಲು 4r/(1+r)². ಲೆಕ್ಕ ಮಾಡಿ ನೋಡಿ. ನಾರುಗಾಜಿನಿಂದ ನೀರಿಗೆ ಶೇಕಡ 75ರಷ್ಟು ದಾಟುತ್ತದೆ. ಉಕ್ಕಿನಿಂದ ನೀರಿಗೆ ಸುಮಾರು 12. ಗಾಳಿ ಮತ್ತು ನೀರಿನ ನಡುವೆ ಶೇಕಡ 0.1 ಮಾತ್ರ! ಹೀಗಾಗಿ ತಡೆಯೊಡ್ಡುವುದು ದೋಣಿಯ ಗಟ್ಟಿಯಾದ ಒಡಲಲ್ಲ. ನಡುವೆ ಸಿಕ್ಕಿಕೊಂಡ ತೆಳುವಾದ ಗಾಳಿ.

ಅಳವಡಿಕೆಯ ನಿಯಮಗಳೆಲ್ಲ ಇದರಿಂದಲೇ ಹುಟ್ಟಿವೆ. ಒಡಲು ಘನ ನಾರುಗಾಜಿನದಾಗಿರಬೇಕು. ನೊರೆಪ್ಲಾಸ್ಟಿಕ್ ಅಥವಾ ಮರದ ತಿರುಳಿದ್ದರೆ ಅದರೊಳಗಿನ ಗಾಳಿ ತರಂಗವನ್ನು ನುಂಗುತ್ತದೆ. ಗೋವಾದಲ್ಲಿ ನಿರ್ಮಾಣವಾಗಿ 2009–10ರಲ್ಲಿ ದಿಲೀಪ್ ದೋಂದೆ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ‘ಮ್ಹಾದೇಯಿ’ ಹಾಯಿದೋಣಿಯದು ಮರದ ತಿರುಳಿಗೆ ನಾರುಗಾಜು ಹೊದಿಸಿದ ಒಡಲು. ಅಂಥ ದೋಣಿಗಳಿಗೆ ಈ ವಿಧಾನ ಒಗ್ಗದು.

ಜಾಗ ಆಯ್ದ ಮೇಲೆ ಅಲ್ಲಿನ ಬಣ್ಣವನ್ನು ಉಜ್ಜಿ ತೆಗೆಯಬೇಕು. ಅಂಟಿಸುವ ಮೊದಲು, ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲವನ್ನು ತಳದ ಮೇಲಿಟ್ಟು, ಚೀಲದ ಅಡಿಯನ್ನು ಒದ್ದೆ ಮಾಡಿ, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಅದ್ದಿ ಆಳ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಬಹುದು. ಆಮೇಲೆ ಎಪಾಕ್ಸಿ ಅಂಟನ್ನು ಗುಳ್ಳೆಯೇಳದಂತೆ ಕಲಸಿ, ಉಪಕರಣವನ್ನು ತಿರುಚುತ್ತ ಒತ್ತಿ ಕೂರಿಸಬೇಕು. ತಳ ಇಳಿಜಾರಾಗಿದ್ದರೆ ಒಂದು ಕೊಳವೆಯನ್ನು ತಳಕ್ಕೆ ಅಂಟಿಸಿ, ಅದರಲ್ಲಿ ಎಣ್ಣೆ ತುಂಬಿ, ಟ್ರಾನ್ಸ್‌ಡ್ಯೂಸರನ್ನು ನೇರವಾಗಿ ಕೆಳಮುಖವಾಗಿ ನಿಲ್ಲಿಸುತ್ತಾರೆ. ಎಣ್ಣೆಯ ಧ್ವನಿಪ್ರತಿರೋಧ ನೀರಿನದಕ್ಕೆ ಸಮೀಪ. ನಮ್ಮ ಹರಳೆಣ್ಣೆಯನ್ನು ನೌಕಾಪಡೆಗಳ ಸೋನಾರ್ ಉಪಕರಣಗಳಲ್ಲಿ ಬಹುಕಾಲ ಬಳಸಿದ್ದೂ ಇದೇ ಕಾರಣಕ್ಕೆ.

ಕೀಲಿನ ಕೆಳಗೆ ಎಷ್ಟು ನೀರು?

ಹಾಯಿದೋಣಿ ಗಾಳಿಗೆ ಮಗುಚದಂತೆ ಅದರ ತಳದಲ್ಲಿ ಭಾರವಾದ ಕೀಲ್ ಎಂಬ ರೆಕ್ಕೆ ಇರುತ್ತದೆ. ಟ್ರಾನ್ಸ್‌ಡ್ಯೂಸರನ್ನು ಅದಕ್ಕಿಂತ ಮುಂದೆ ಕೂರಿಸದಿದ್ದರೆ ಕೀಲೇ ತರಂಗಕ್ಕೆ ಅಡ್ಡವಾಗಬಹುದು. ಉಪಕರಣ ನೀರಿನ ಮೇಲ್ಮೈಯಿಂದ 0.5 ಮೀಟರ್ ಕೆಳಗಿದ್ದು ಕೀಲಿನ ತುದಿ 1.8 ಮೀಟರ್ ಕೆಳಗಿದೆ ಎನ್ನೋಣ. ಮಾಪಕ 2 ಮೀಟರ್ ತೋರಿಸಿದರೆ ಕೀಲಿನ ಕೆಳಗೆ ಉಳಿದಿರುವುದು 0.7 ಮೀಟರ್ ಮಾತ್ರ. ಈ ವ್ಯತ್ಯಾಸವನ್ನು ಉಪಕರಣಕ್ಕೆ ಮೊದಲೇ ತಿಳಿಸಿರಬೇಕು. ಇಲ್ಲವಾದರೆ ದೋಣಿ ನೆಲಕ್ಕೆ ತಾಗುವಾಗಲೂ ಪರದೆಯ ಮೇಲೆ ನೀರು ಕಾಣುತ್ತಿರುತ್ತದೆ.

ಇನ್ನೊಂದು ಸಂಗತಿ ಶಬ್ದದ ವೇಗ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1497 ಮೀಟರ್, ಸಮುದ್ರದ ನೀರಿನಲ್ಲಿ ಸುಮಾರು 1535. ಉಪಕರಣ 1500 ಎಂದು ಭಾವಿಸಿದ್ದರೆ ಸಮುದ್ರದಲ್ಲಿ 10 ಮೀಟರಿಗೆ 23 ಸೆಂಟಿಮೀಟರ್ ಕಡಿಮೆ ತೋರಿಸುತ್ತದೆ.

ಕುಮುದ್ವತಿಯ ಕೆಸರು

ನಮ್ಮ ಒಳನಾಡಿಗೂ ಇದಕ್ಕೂ ಏನು ಸಂಬಂಧ? ಕುಮುದ್ವತಿ ನದಿ ಮದಗ–ಮಾಸೂರು ಕೆರೆಯನ್ನು ಹಾದು, ರಟ್ಟೀಹಳ್ಳಿಯನ್ನು ದಾಟಿ ತುಂಗಭದ್ರೆಯನ್ನು ಸೇರುತ್ತದೆ. ಅದು ಹೊತ್ತ ಮಣ್ಣಿನ ಒಂದಂಶ ಕೊನೆಗೆ ಹೊಸಪೇಟೆಯ ಜಲಾಶಯದ ತಳದಲ್ಲಿ ಕೂರುತ್ತದೆ. 1953ರಲ್ಲಿ ಸುಮಾರು 132 ಟಿಎಂಸಿ ಎಂದಿದ್ದ ಆ ಜಲಾಶಯದ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ ಸುಮಾರು 100.8 ಎಂದೂ 2016ರ ಸಮೀಕ್ಷೆಯಲ್ಲಿ ಸುಮಾರು 105.8 ಎಂದೂ ಬಂತು. ಹೂಳು ತುಂಬುವ ಜಲಾಶಯ ತಾನಾಗಿ ಹಿಗ್ಗುವುದಿಲ್ಲ. ಎಷ್ಟು ಬಿಂದುಗಳಲ್ಲಿ, ಯಾವ ವಿಧಾನದಿಂದ ಅಳೆದರು ಎಂಬುದೂ ಉತ್ತರದೊಳಗೆ ಸೇರಿರುತ್ತದೆ. 5 ಟಿಎಂಸಿ ಎಂದರೆ 14 ಕೋಟಿ ಘನಮೀಟರ್ ನೀರು. ಮೂರು ರಾಜ್ಯಗಳ ರೈತರು ಅದನ್ನು ಹಂಚಿಕೊಳ್ಳಬೇಕು. ದೋಣಿಯಿಂದ ನಡೆಯುವ ಪ್ರತಿಧ್ವನಿ ಸಮೀಕ್ಷೆಯಲ್ಲಿ ಕೆಲವು ಸೆಂಟಿಮೀಟರ್‌ಗಳ ತಪ್ಪಿಗೂ ಬೆಲೆಯಿದೆ.

ಶಿಕ್ಷಕರು ತರಗತಿಯಲ್ಲಿ ಮಾಡಬಹುದಾದ ಪ್ರಯೋಗವೊಂದಿದೆ. ಮೇಜಿನ ಮೇಲೆ ಕೈಗಡಿಯಾರವನ್ನಿಟ್ಟು, ಹಲಗೆಗೆ ಕಿವಿಯನ್ನು ಒತ್ತಿ ಅದರ ಟಿಕ್ ಟಿಕ್ ಕೇಳಿಸಿರಿ. ಬಳಿಕ ಕಿವಿಯನ್ನು ಒಂದು ಬೆರಳಿನಷ್ಟು ಮೇಲೆತ್ತಲಿ. ಸದ್ದು ಕುಗ್ಗುವುದೇಕೆಂದು ವಿದ್ಯಾರ್ಥಿಗಳನ್ನೇ ಕೇಳಿ. ಅವರು ಉತ್ತರಿಸಿದ ನಂತರ ಮೇಲಿನ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು.