ಮೊಬೈಲ್ ತೋರಿಸಿ ಮಗುವಿಗೆ ಊಟ ಮಾಡಿಸುವುದು ಸರಿಯೇ? ಇಲ್ಲಿದೆ ಸತ್ಯಾಂಶ

‘ನಮ್ಮ ಮಗು ಏನೂ ತಿನ್ನಲ್ಲ’ ಎಂಬುದು ಪುಟ್ಟ ಮಕ್ಕಳಿರುವ ಬಹುತೇಕ ಮನೆಗಳಲ್ಲಿ ಕೇಳಿಬರುವ ಮಾತು. ಅದಕ್ಕೇ ಹಸಿವು ಹೆಚ್ಚಿಸುವ ಟಾನಿಕ್, ಐದೇ ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿಸುವ ಉಪಾಯ ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಮತ್ತೆ ಮತ್ತೆ ಓಡಾಡುತ್ತಿರುತ್ತವೆ. ಎಷ್ಟೋ ಮನೆಗಳಲ್ಲಿ ಕಾರ್ಟೂನ್ ಹಾಕಿಕೊಟ್ಟರೆ ಮಾತ್ರ ಮಗು ಬಾಯಿ ತೆರೆಯುತ್ತದೆ. ಈ ಅಭ್ಯಾಸದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನಾವು ಇಲ್ಲಿ ನೋಡೋಣ.

ಹೇಳಿಕೆ: ಹೇಗಾದರೂ ಸರಿ, ಮಗುವಿನ ಹೊಟ್ಟೆ ತುಂಬಿಸಿದರೆ ಸಾಕು.

ಸತ್ಯಾಂಶ: ತಪ್ಪು. ಏನು ತಿನ್ನುತ್ತದೆ ಎಂಬುದರಷ್ಟೇ ಹೇಗೆ ತಿನ್ನುತ್ತದೆ ಎಂಬುದೂ ಮಗುವಿನ ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ಮುಖ್ಯ.

ಒಂದು ವರ್ಷದ ನಂತರ ಮಗು ಕಡಿಮೆ ತಿನ್ನುವುದೇಕೆ?

ಹುಟ್ಟಿದ ಮಗುವಿನ ತೂಕ ಸುಮಾರು 5 ತಿಂಗಳಿಗೆ ಎರಡು ಪಟ್ಟು, ಒಂದು ವರ್ಷಕ್ಕೆ ಮೂರು ಪಟ್ಟು ಆಗುತ್ತದೆ. ಅಂದರೆ ಮೊದಲ ವರ್ಷದಲ್ಲಿ ಸುಮಾರು 6 ಕೆ.ಜಿ. ಹೆಚ್ಚುತ್ತದೆ. ಎರಡನೇ ವರ್ಷದಲ್ಲಿ ಹೆಚ್ಚುವುದು ಸುಮಾರು ಎರಡೂವರೆ ಕೆ.ಜಿ. ಮಾತ್ರ. ಆಮೇಲೆ ವರ್ಷಕ್ಕೆ ಸುಮಾರು 2 ಕೆ.ಜಿ.

ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುವುದು ಸಹಜ. ಅದೇ ಹೊತ್ತಿಗೆ ಮಗು ನಡೆಯಲು ಕಲಿಯುತ್ತದೆ, ಮನೆಯೆಲ್ಲ ಓಡಾಡುತ್ತದೆ, ಊಟಕ್ಕಿಂತ ಆಟದ ಮೇಲೇ ಗಮನ. ಮೈ ಸ್ವಲ್ಪ ತೆಳ್ಳಗಾದಂತೆ ಕಂಡಾಗ ‘ಮಗು ಸೊರಗಿಹೋಗಿದೆ’ ಎಂದು ಅಜ್ಜಿ ಹೇಳುತ್ತಾರೆ, ತಾಯಿಗೆ ಆತಂಕ ಶುರುವಾಗುತ್ತದೆ. ಒತ್ತಾಯದ ಊಟ ಹೆಚ್ಚಾಗಿ ಆರಂಭವಾಗುವುದು ಇಲ್ಲಿಂದಲೇ.

ಮೊಬೈಲ್ ನೋಡುತ್ತಾ ತಿಂದರೆ ಏನಾಗುತ್ತದೆ?

ಹಸಿವಾದಾಗ ಬಾಯಿ ತೆರೆಯುವುದು, ಹೊಟ್ಟೆ ತುಂಬಿದಾಗ ಮುಖ ತಿರುಗಿಸುವುದು ಮಗುವಿಗೆ ಹುಟ್ಟಿನಿಂದಲೇ ಗೊತ್ತು. ಎದೆಹಾಲು ಕುಡಿಯುವ ಕೂಸು ಕೂಡ ಸಾಕಾದಾಗ ತಾನೇ ಬಿಟ್ಟುಬಿಡುತ್ತದೆ. ಪರದೆಯಲ್ಲಿ ಮುಳುಗಿರುವಾಗ ಮಗು ಈ ಸೂಚನೆಯನ್ನು ಗಮನಿಸುವುದಿಲ್ಲ. ಬಾಯಿಗೆ ಬಂದದ್ದು ನುಂಗುತ್ತದೆ, ರುಚಿಯೂ ನೆನಪಿರುವುದಿಲ್ಲ. ಕೆಲವು ಮಕ್ಕಳು ಅಗತ್ಯಕ್ಕಿಂತ ಹೆಚ್ಚು ತಿಂದರೆ, ಇನ್ನು ಕೆಲವರು ಮೊಬೈಲ್ ಇಲ್ಲದೆ ಊಟವನ್ನೇ ಮುಟ್ಟುವುದಿಲ್ಲ.

2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಮೂರು ಹೊತ್ತಿನ ಊಟಕ್ಕೂ ಮೊಬೈಲ್ ಕೊಟ್ಟರೆ ಆ ಒಂದು ಗಂಟೆ ಊಟದಲ್ಲೇ ಮುಗಿದುಹೋಗುತ್ತದೆ.

‘ನಮ್ಮ ಕಾಲದಲ್ಲೂ ಚಂದಮಾಮನನ್ನು ತೋರಿಸಿ ತುತ್ತು ಕೊಡುತ್ತಿದ್ದರಲ್ಲ?’ ಎಂದು ಕೆಲವರು ಕೇಳಬಹುದು. ಅಲ್ಲಿ ಅಮ್ಮ ಮಗುವಿನ ಮುಖ ನೋಡುತ್ತಾ ಮಾತನಾಡುತ್ತಿದ್ದರು, ಮಗುವೂ ತಿರುಗಿ ಮಾತನಾಡುತ್ತಿತ್ತು. ಮೊಬೈಲ್ ಇದ್ದಾಗ ಆ ಮಾತುಕತೆ ಇರುವುದಿಲ್ಲ. ಹಾಗಂತ ಸಾಕು ಎಂದ ಮೇಲೂ ಚಂದಮಾಮನ ಹೆಸರಲ್ಲಿ ನಾಲ್ಕು ತುತ್ತು ಹೆಚ್ಚು ತುರುಕಿದರೆ ಅದೂ ಒತ್ತಾಯವೇ.

ಹೆದರಿಸಿ ತಿನ್ನಿಸಿದರೆ?

‘ಗುಮ್ಮ ಬರ್ತಾನೆ’, ‘ಡಾಕ್ಟರ್ ಹತ್ರ ಇಂಜೆಕ್ಷನ್ ಚುಚ್ಚಿಸ್ತೀನಿ’ ಎಂದರೆ ಆ ಕ್ಷಣಕ್ಕೆ ಒಂದು ತುತ್ತು ಒಳಗೆ ಹೋಗಬಹುದು. ಆದರೆ ದಿನವೂ ಹೀಗಾದರೆ ತಟ್ಟೆ ಕಂಡ ಕೂಡಲೇ ಮಗುವಿಗೆ ಭಯವಾಗುತ್ತದೆ. ತುತ್ತನ್ನು ನುಂಗದೆ ಕೆನ್ನೆಯಲ್ಲೇ ಇಟ್ಟುಕೊಳ್ಳುವುದು, ಉಗುಳುವುದು, ವಾಂತಿ ಮಾಡುವುದು ಮಗುವಿನ ಹಟವೇ ಆಗಿರಬೇಕೆಂದಿಲ್ಲ, ಆ ಭಯದಿಂದಲೂ ಆಗಬಹುದು. ಮುಂದೆ ನಿಜವಾಗಿ ಹುಷಾರು ತಪ್ಪಿದಾಗ ಡಾಕ್ಟರ್ ಎಂದರೇ ಹೆದರುವ ಸ್ಥಿತಿ ಬರುತ್ತದೆ.

ಅಪಾಯವೂ ಇದೆ. ಅಳುವ, ಓಡುವ ಅಥವಾ ಮಲಗಿರುವ ಮಗುವಿನ ಬಾಯಿಗೆ ಆಹಾರ ತುರುಕಿದರೆ ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು.

ಮಗುವಿಗೇ ಬಿಟ್ಟರೆ ಉಪವಾಸ ಬೀಳುವುದಿಲ್ಲವೇ?

ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1920–30ರ ದಶಕಗಳಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿದರು. ಆಗಷ್ಟೇ ಎದೆಹಾಲು ಬಿಟ್ಟ 15 ಮಕ್ಕಳ ಮುಂದೆ ಧಾನ್ಯ, ಹಣ್ಣು, ತರಕಾರಿ, ಮಾಂಸ, ಹಾಲು ಹೀಗೆ 34 ಬಗೆಯ ಆಹಾರಗಳಲ್ಲಿ ಕೆಲವನ್ನು ಪ್ರತಿ ಹೊತ್ತೂ ಇಡಲಾಗುತ್ತಿತ್ತು. ಮಗು ತೋರಿಸಿದ್ದನ್ನಷ್ಟೇ ಕೊಡಬೇಕು, ಒತ್ತಾಯ ಮಾಡಬಾರದು ಎಂದು ದಾದಿಯರಿಗೆ ಹೇಳಲಾಗಿತ್ತು. ಮಕ್ಕಳ ಆಯ್ಕೆ ದಿನದಿಂದ ದಿನಕ್ಕೆ ವಿಚಿತ್ರವಾಗಿತ್ತು, ಆದರೂ ಎಲ್ಲರೂ ಆರೋಗ್ಯವಾಗಿ ಬೆಳೆದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಮೇಜಿನ ಮೇಲೆ ಸಕ್ಕರೆ, ಬಿಸ್ಕತ್ತು ಇರಲಿಲ್ಲ. ಏನು ಇಡಬೇಕು ಎಂದು ದೊಡ್ಡವರು ತೀರ್ಮಾನಿಸಿದ್ದರು, ಎಷ್ಟು ತಿನ್ನಬೇಕು ಎಂದು ಮಕ್ಕಳು. ಮಗುವಿನ ಹಸಿವಿನ ಸೂಚನೆ ನೋಡಿ ಉಣಿಸಬೇಕು ಎಂಬುದು 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇದೆ.

ಹಸಿವಿನ ಟಾನಿಕ್ ಕೊಡಬಹುದೇ?

ವೈದ್ಯರು ಹೇಳದೆ ಬೇಡ. ಹಸಿವಿಗೆಂದು ಮಾರುವ ಕೆಲವು ಸಿರಪ್‌ಗಳಲ್ಲಿ ಇರುವುದು ಅಲರ್ಜಿಗೆ ಕೊಡುವ ಔಷಧಿ. ಅದರಿಂದ ಮಗು ಮಂಪರಾಗಬಹುದು.

ಮೊದಲು ನೋಡಬೇಕಾದ್ದು ಹಾಲಿನ ಲೆಕ್ಕ. ‘ಊಟ ಬಿಟ್ಟರೂ ಹಾಲಾದರೂ ಕುಡಿಯಲಿ’ ಎಂದು ಮತ್ತೆ ಮತ್ತೆ ಹಾಲು ಕೊಟ್ಟರೆ ಪುಟ್ಟ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರುವುದಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಾಲು ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ (2019–21) ಪ್ರಕಾರ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಯಿಂದಲೇ ಹಸಿವು ಕಡಿಮೆಯಾಗುವುದೂ ಉಂಟು.

ಮನೆಯಲ್ಲಿ ಏನು ಮಾಡಬಹುದು?

• ಮೂರು ಹೊತ್ತು ಊಟ, ನಡುವೆ ಒಂದೆರಡು ಬಾರಿ ಹಣ್ಣು ಅಥವಾ ತಿಂಡಿ. ಮಧ್ಯೆ ಬಿಸ್ಕತ್ತು, ಚಿಪ್ಸ್, ಜ್ಯೂಸ್ ಬೇಡ.
• ಮನೆಯವರೊಂದಿಗೇ ಕೂರಿಸಿ. ರಾಗಿ ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ ಹೀಗೆ ನೀವು ತಿನ್ನುವುದನ್ನೇ ಖಾರ ಕಡಿಮೆ ಮಾಡಿ ಕೊಡಿ.
• ಮೊದಲು ಸ್ವಲ್ಪ ಬಡಿಸಿ. ಕೇಳಿದರೆ ಮತ್ತೆ ಹಾಕಿ.
• ತಾನೇ ಕೈಯಿಂದ ತಿನ್ನಲಿ. ಚೆಲ್ಲಿದರೆ ಬೈಯಬೇಡಿ.
• ಹೊಸ ತರಕಾರಿಯನ್ನು ಮಗು ಒಪ್ಪಲು ಹತ್ತಕ್ಕೂ ಹೆಚ್ಚು ಬಾರಿ ಕೊಡಬೇಕಾಗಬಹುದು. ಎರಡು ಸಲ ಉಗುಳಿತು ಎಂದು ಬಿಡಬೇಡಿ.
• ಅರ್ಧ ಗಂಟೆಯಲ್ಲಿ ಮುಗಿಯದಿದ್ದರೆ ತಟ್ಟೆ ಎತ್ತಿಬಿಡಿ. ಮುಂದಿನ ಹೊತ್ತಿಗೆ ಮಗುವಿಗೆ ಹಸಿವಾಗಿರುತ್ತದೆ.
• ಮೊಬೈಲ್ ಬಿಡಿಸುವಾಗ ದಿನಕ್ಕೆ ಒಂದು ಹೊತ್ತಿನಿಂದ ಶುರು ಮಾಡಿ. ಮೊದಲ ಕೆಲವು ದಿನ ಮಗು ಅಳಬಹುದು, ಕಡಿಮೆ ತಿನ್ನಬಹುದು. ದೊಡ್ಡವರ ಮೊಬೈಲ್ ಕೂಡ ದೂರವಿರಲಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಮೇಲಿನ ಮಾತೆಲ್ಲ ಸರಿಯಾಗಿ ಬೆಳೆಯುತ್ತಿರುವ ಮಗುವಿಗೆ ಅನ್ವಯ. ಅದನ್ನು ತಿಳಿಯುವುದು ತಟ್ಟೆ ನೋಡಿ ಅಲ್ಲ, ತೂಕ ನೋಡಿ. ಅಂಗನವಾಡಿಯಲ್ಲಿ ಉಚಿತವಾಗಿ ತೂಕ ನೋಡುತ್ತಾರೆ. ತಾಯಿ ಕಾರ್ಡ್‌ನ ಬೆಳವಣಿಗೆ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗುವಿಗೆ ಸಾಕಷ್ಟು ಸಿಗುತ್ತಿದೆ ಎಂದರ್ಥ.

ಗೆರೆ ಸಮತಟ್ಟಾದರೆ ಅಥವಾ ಇಳಿದರೆ, ಮಗು ಬಿಳಿಚಿಕೊಂಡಿದ್ದರೆ, ಮಣ್ಣು, ಬಳಪ ತಿನ್ನುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿದರೆ, ಭೇದಿ ಅಥವಾ ವಾಂತಿ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರ ತೀರಾ ಕಡಿಮೆಯಾಗಿದ್ದರೆ ಅಥವಾ ಮಗು ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ

ಮಗು ಎರಡು ತುತ್ತು ಕಡಿಮೆ ತಿಂದರೆ ಅದು ತಾಯಿಯ ತಪ್ಪಲ್ಲ. ಒಳ್ಳೆಯ ಆಹಾರವನ್ನು ಹೊತ್ತಿಗೆ ಸರಿಯಾಗಿ ಮುಂದಿಡುವುದು ನಮ್ಮ ಕೆಲಸ, ಎಷ್ಟು ಸಾಕು ಎಂದು ಹೇಳುವುದು ಮಗುವಿನ ಕೆಲಸ. ಮುಂದಿನ ಸಲ ಗ್ರೂಪ್‌ನಲ್ಲಿ ಹಸಿವಿನ ಟಾನಿಕ್ ಮೆಸೇಜ್ ಬಂದರೆ ಅದನ್ನು ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ತಾಯಿ ಕಾರ್ಡ್ ತೆರೆದು ನೋಡಿ.